ಸ್ಟರ್ನ್‌ಡ್ರೈವ್ ಗೇರ್ ಬಿಗಿಯಾದರೆ ಮೊದಲು ಎಲ್ಲಿ ನೋಡಬೇಕು? ಹಿನ್ನೀರಿನ ದೋಣಿಯವರ ಅನುಭವ ಹಂಚಿಕೆ

ಕೇಳಿದವರು, ಬಾಗಲಕೋಟೆ:

ಆಲಮಟ್ಟಿ ಹಿನ್ನೀರಿನಲ್ಲಿ ಓಡಿಸುವ ನಮ್ಮ ದೋಣಿಗೆ ಮರ್ಕ್ರೂಸರ್ ಆಲ್ಫಾ ಮಾದರಿಯ ಸ್ಟರ್ನ್‌ಡ್ರೈವ್ ಇದೆ (ಎಂಜಿನ್ ದೋಣಿಯೊಳಗೆ, ಗೇರು ಮತ್ತು ಪ್ರೊಪೆಲ್ಲರ್ ಇರುವ ಡ್ರೈವ್ ಹಿಂಬದಿಯ ಹೊರಗೆ). ಈಚೆಗೆ ಗೇರ್ ಲಿವರ್ ಬಿಗಿಯಾಗಿದ್ದು, ಮುಂದಿನ ಗೇರಿನಿಂದ ನ್ಯೂಟ್ರಲ್‌ಗೆ ತರುವಾಗ ಎಂಜಿನ್ ನಿಂತುಬಿಡುತ್ತದೆ. ಐಡ್ಲಿಂಗ್, ಅಂದರೆ ಥ್ರಾಟಲ್ ಕೊಡದಿದ್ದಾಗಿನ ಎಂಜಿನ್ ವೇಗ, ಏರಿಸಿದರೆ ಸಾಕೆಂದು ಒಬ್ಬ ಮೆಕ್ಯಾನಿಕ್ ಹೇಳಿದರೆ, ಗೇರುಗಳಿರುವ ಪೆಟ್ಟಿಗೆಯನ್ನೇ (ಗೇರ್‌ಕೇಸ್) ಬಿಚ್ಚಲೇಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಆಲಮಟ್ಟಿಯಿಂದ:

ಸಾಹೇಬರೇ, ಗೇರ್‌ಕೇಸಿಗೆ ಈಗಲೇ ಕೈ ಹಾಕಬೇಡಿರಿ, ಐಡ್ಲಿಂಗ್ ಏರಿಸುವುದಂತೂ ಬೇಡವೇ ಬೇಡ. ನೀವು ಹೇಳಿದ ಲಕ್ಷಣಕ್ಕೆ ಬಹುಮಟ್ಟಿಗೆ ಕಾರಣವಾಗುವುದು ಎಂಜಿನ್ ಮೇಲಿನ ಶಿಫ್ಟ್ ಪ್ಲೇಟಿನಿಂದ (ಗೇರಿನ ಕೇಬಲ್‌ಗಳು ಕೂಡುವ ತಟ್ಟೆ) ಹೊರಟು, ದೋಣಿಯ ಹಿಂಬದಿಯನ್ನು ದಾಟಿ ಡ್ರೈವಿಗೆ ಹೋಗುವ ಕೆಳಗಿನ ಶಿಫ್ಟ್ ಕೇಬಲ್.

ಆಲ್ಫಾ ಡ್ರೈವಿನ ಕೆಳಗಿನ ಗೇರ್‌ಕೇಸಿನಲ್ಲಿ ಹಲ್ಲುಳ್ಳ ಡಾಗ್ ಕ್ಲಚ್ ಇರುತ್ತದೆ, ಅದರ ಹಲ್ಲುಗಳು ಗೇರಿನ ಹಲ್ಲುಗಳಿಗೆ ಕೂಡಿದಾಗ ಗೇರ್ ಬೀಳುತ್ತದೆ. ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುತ್ತಿರುವಷ್ಟು ಹೊತ್ತು ಆ ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ತಾವಾಗಿ ಬಿಡುವುದಿಲ್ಲ. ಆದ್ದರಿಂದಲೇ ಶಿಫ್ಟ್ ಪ್ಲೇಟಿನಲ್ಲಿ ಇಂಟರಪ್ಟರ್ ಸ್ವಿಚ್ ಇಟ್ಟಿದ್ದಾರೆ. ಲಿವರ್ ಎಳೆದಾಗ ಕೇಬಲ್ ಮೇಲೆ ಒತ್ತಡ ಬಿದ್ದರೆ ಅದು ಕ್ಷಣಮಾತ್ರ ಇಗ್ನಿಷನ್ ಕಡಿದು, ಹಲ್ಲುಗಳ ಮೇಲಿನ ಭಾರ ಇಳಿಸಿ, ಕ್ಲಚ್ ಬಿಡಿಸುತ್ತದೆ. ಕೇಬಲ್ಲೇ ಬಿಗಿಯಾಗಿದ್ದರೆ ಕ್ಲಚ್ ಬಿಟ್ಟ ನಂತರವೂ ಒತ್ತಡ ಉಳಿಯುತ್ತದೆ, ಸ್ವಿಚ್ ಒತ್ತಿಕೊಂಡೇ ಇರುತ್ತದೆ, ಎಂಜಿನ್ ನಿಲ್ಲುತ್ತದೆ. ಇಲ್ಲಿ ಸ್ವಿಚ್ಚಿನ ವೈರ್ ಕಿತ್ತು ಓಡಿಸುವವರಿದ್ದಾರೆ. ಹಾಗೆ ಮಾಡಿದರೆ ಎಂಜಿನ್ ನಿಲ್ಲುವುದು ತಪ್ಪುತ್ತದೆ ನಿಜ, ಆದರೆ ಭಾರ ಹೊತ್ತ ಹಲ್ಲುಗಳನ್ನು ಬಲವಂತವಾಗಿ ಎಳೆದಂತಾಗಿ ಅವುಗಳ ಅಂಚು ಸವೆಯುತ್ತದೆ. ಐಡ್ಲಿಂಗ್ ಏರಿಸಿದರೂ ಗೇರ್ ಬೀಳುವಾಗ ಏಟು ಜೋರಾಗಿ ಅದೇ ಹಲ್ಲುಗಳು ಹಾಳಾಗುತ್ತವೆ. ಕೇಬಲ್ಲಿನ ದೋಷವನ್ನು ಮುಚ್ಚಿಡಲು ಹೋಗಿ ಅದಕ್ಕಿಂತ ಎಷ್ಟೋ ಬೆಲೆಬಾಳುವ ಭಾಗವನ್ನು ಕಳೆದುಕೊಳ್ಳುವುದು ನ್ಯಾಯವಲ್ಲ.

ಪರೀಕ್ಷೆ ಕಷ್ಟವಲ್ಲ. ಎಂಜಿನ್ ಆಫ್ ಮಾಡಿ, ಚಾಲಕನ ಲಿವರಿನಿಂದ ಬರುವ ಕೇಬಲನ್ನು ಶಿಫ್ಟ್ ಪ್ಲೇಟಿನಲ್ಲಿ ಬಿಡಿಸಿಕೊಳ್ಳಿರಿ. ಅನಂತರವೂ ಲಿವರ್ ಬಿಗಿಯಾಗಿದ್ದರೆ ದೋಷ ಕಂಟ್ರೋಲ್ ಬಾಕ್ಸಿನಲ್ಲೋ ಆ ಮೇಲಿನ ಕೇಬಲ್ಲಿನಲ್ಲೋ ಇದೆ. ಲಿವರ್ ಹಗುರಾಗಿದ್ದರೆ, ಇನ್ನೊಬ್ಬರು ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಿರುವಾಗ ನೀವು ಕೆಳಗಿನ ಕೇಬಲನ್ನು ಕೈಯಿಂದಲೇ ಎಳೆದು ತಳ್ಳಿ ನೋಡಿರಿ. ಅದು ತಡವರಿಸಿದರೆ ಡ್ರೈವನ್ನು ಕಳಚಿ ಮತ್ತೊಮ್ಮೆ ನೋಡಬೇಕು. ಈ ಡ್ರೈವನ್ನು ಮುಂದಿನ ಗೇರಿನಲ್ಲಿಟ್ಟೇ ಕಳಚಬೇಕು ಮತ್ತು ಹಾಗೆಯೇ ಕೂಡಿಸಬೇಕು, ಇಲ್ಲವಾದರೆ ಒಳಗಿನ ಶಿಫ್ಟ್ ಕೊಂಡಿಗಳು ಒಂದಕ್ಕೊಂದು ಹೊಂದುವುದಿಲ್ಲ. ಡ್ರೈವ್ ಇಳಿದ ಮೇಲೂ ಬಿಗಿ ಹಾಗೆಯೇ ಉಳಿದರೆ, ದೋಣಿಯ ಮೇಲೇ ಉಳಿಯುವ, ಡ್ರೈವ್ ಕೂಡುವ ಭಾಗವಾದ ಬೆಲ್ ಹೌಸಿಂಗಿನಲ್ಲಿ ಕೇಬಲ್ಲಿನ ತುದಿಯನ್ನು ಕೊಂಡಿಯಿಂದ ಬಿಡಿಸಿ ಎರಡನ್ನೂ ಬೇರೆ ಬೇರೆಯಾಗಿ ಆಡಿಸಿರಿ. ಆಗ ತಪ್ಪು ಕೇಬಲ್ಲಿನದೋ, ಶಿಫ್ಟ್ ಶಾಫ್ಟಿನ ಬುಷ್ಷಿನದೋ (ಶಾಫ್ಟ್ ತಿರುಗುವ ಕೊಳವೆಯಂಥ ಒಳಪಟ್ಟಿ) ಸ್ಪಷ್ಟವಾಗುತ್ತದೆ. ಡ್ರೈವ್ ಇಳಿದೊಡನೆ ಎಲ್ಲವೂ ಹಗುರಾಗಿ ಆಡಿದರೆ ಮಾತ್ರ ಗೇರ್‌ಕೇಸಿನ ಮೇಲೆ ಅನುಮಾನ ಪಡಬೇಕು.

ಕೇಬಲ್ ಬದಲಿಸುವಾಗ ನೀರು ಒಳಬರದಂತೆ ಅದನ್ನು ಮುಚ್ಚುವ ಮಡಿಕೆಯ ರಬ್ಬರ್ ಕೊಳವೆಯನ್ನೂ (ಬೆಲ್ಲೋಸ್) ತಪ್ಪದೆ ಬದಲಿಸಿರಿ. ಮುಂಗಾರಿನಲ್ಲಿ ಕೃಷ್ಣೆ ಹೊತ್ತು ತರುವ ಹೂಳುನೀರು ಹರಿದ ಬೆಲ್ಲೋಸಿನೊಳಗೆ ಸೇರಿದರೆ ಹೊಸ ಕೇಬಲ್ಲೂ ಬಹಳ ಕಾಲ ಉಳಿಯದು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಆ ದಾರಿಯಿಂದ ನೀರು ದೋಣಿಯೊಳಕ್ಕೇ ಬರುತ್ತದೆ, ದಡದಲ್ಲಿ ಕಟ್ಟಿ ಹಾಕಿದ ದೋಣಿಯನ್ನೂ ಅದು ಮುಳುಗಿಸಬಲ್ಲದು.

ವಿಜಯಪುರದಿಂದ:

ಮೇಲಿನವರ ಮಾತಿಗೆ ಒಂದನ್ನು ಮಾತ್ರ ಸೇರಿಸುತ್ತೇನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಡೆಯಾದ ಹೊಲಗಳ ಒಡ್ಡುಗಳಿಗೂ ಹಳೆಯ ಗೋಡೆಗಳಿಗೂ ಪ್ರೊಪೆಲ್ಲರ್ ಬಡಿಯುವುದುಂಟು. ಅದರಿಂದ ಪ್ರೊಪೆಲ್ಲರಿನ ಒಳಗಿನ ರಬ್ಬರ್ ಹಬ್ ಜಾರತೊಡಗಿದರೆ, ಎಂಜಿನ್ ಕೂಗುತ್ತದೆ, ದೋಣಿ ಮುಂದೆ ಸಾಗುವುದಿಲ್ಲ, ಜನ ಗೇರ್ ಹೋಯಿತೆಂದು ತಿಳಿಯುತ್ತಾರೆ. ಹಬ್ಬಿನಿಂದ ಪ್ರೊಪೆಲ್ಲರಿನವರೆಗೆ ಬಣ್ಣದಿಂದ ಒಂದು ನೇರ ಗೆರೆ ಎಳೆದು ಓಡಿಸಿ ಬನ್ನಿರಿ. ಗೆರೆ ಮುರಿದಿದ್ದರೆ ದೋಷ ಹಬ್ಬಿನದು, ಗೇರಿನದಲ್ಲ.

ಬೆಳಗಾವಿಯಿಂದ:

ಗೇರ್‌ಕೇಸ್ ಬಿಚ್ಚುವ ಪ್ರಸಂಗ ಬಂದೇಬಿಟ್ಟರೆ ಎಂದು ಬರೆಯುತ್ತಿದ್ದೇನೆ. ಡಾಗ್ ಕ್ಲಚ್ ಸವೆದುದರ ಗುರುತು ಲಿವರಿನ ಬಿಗಿಯಲ್ಲ. ಗೇರ್ ಸಲೀಸಾಗಿ ಬಿದ್ದು, ಥ್ರಾಟಲ್ ಕೊಟ್ಟೊಡನೆ ಗಡಗಡ ಸದ್ದಿನೊಂದಿಗೆ ಹಾರಿ ಹೊರಬರುವುದೇ ಅದರ ಗುರುತು. ಬಿಚ್ಚುವ ಮುನ್ನ ಎಣ್ಣೆ ಇಳಿಸಿ ನೋಡಿರಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನ ಮೂಲಕ ನೀರು ಸೇರಿದೆ, ಲೋಹದ ಚೂರುಗಳು ಸಿಕ್ಕರೆ ಒಳಗೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ.

ಸವೆದ ಬುಷ್ಷನ್ನು ನಮ್ಮೂರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಳ್ಳೆಯ ಲೇತ್ ಕೆಲಸಗಾರರಿಂದ ಮಾಡಿಸಿಕೊಳ್ಳಬಹುದು. ಆದರೆ ಕ್ಲಚ್ಚಿನ ದುಂಡಾದ ಹಲ್ಲುಗಳಿಗೆ ವೆಲ್ಡಿಂಗ್ ತುಂಬಿಸಿ ಉಜ್ಜಿಸುವ ಯೋಚನೆಯನ್ನು ಬಿಟ್ಟುಬಿಡಬೇಕು. ಅವು ಗಟ್ಟಿಗೊಳಿಸಿದ ಉಕ್ಕಿನವು, ವೆಲ್ಡಿಂಗಿನ ಶಾಖಕ್ಕೆ ಆ ಗಟ್ಟಿತನವೇ ಹೋಗುತ್ತದೆ. ಕ್ಲಚ್ ಬದಲಿಸುವಾಗ ಅದು ಕೂಡುವ ಗೇರಿನ ಹಲ್ಲುಗಳನ್ನೂ ಪರೀಕ್ಷಿಸಿರಿ, ಅವೂ ದುಂಡಾಗಿದ್ದರೆ ಎರಡನ್ನೂ ಸೇರಿಸಿಯೇ ಬದಲಿಸಬೇಕಾಗುತ್ತದೆ. ಒಳಗಿನ ಶಿಮ್‌ಗಳು (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆಗಳು) ಎಲ್ಲಿ ಎಷ್ಟಿದ್ದವೆಂದು ಬರೆದಿಟ್ಟುಕೊಳ್ಳಿರಿ, ಮರುಜೋಡಣೆಯಲ್ಲಿ ಗೇರುಗಳ ನಡುವಿನ ಸಡಿಲವನ್ನು ಸೂಕ್ಷ್ಮ ಅಂತರ ತೋರಿಸುವ ಮಾಪಕವಾದ ಡಯಲ್ ಗೇಜಿನಿಂದ ಅಳೆಯಿರಿ. ಡಯಲ್ ಗೇಜ್ ಇಲ್ಲದ ಕೈಗೆ ಈ ಕೆಲಸ ಕೊಡುವುದಕ್ಕಿಂತ ಚೋರ್ಲಾ ಘಾಟ್ ಇಳಿದು ಗೋವಾದ ದೋಣಿ ಮೆಕ್ಯಾನಿಕ್ಕರ ಬಳಿಗೆ ಗೇರ್‌ಕೇಸನ್ನು ಒಯ್ಯುವುದೇ ಲೇಸು. ದೋಣಿ ಮತ್ತೆ ನೀರಿಗಿಳಿದ ಮೇಲೆ, ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಮಾತ್ರ ಗೇರ್ ಹಾಕಿರಿ, ಲಿವರನ್ನು ಅಳುಕದೆ ಒಂದೇ ಸಲಕ್ಕೆ ಸರಿಸಿರಿ. ನಿಧಾನಕ್ಕೆ ಸರಿಸಿದಷ್ಟೂ ಹಲ್ಲಿಗೆ ಹಲ್ಲು ಉಜ್ಜುತ್ತದೆ.