ಓಪನ್ ಆಕ್ಸೆಸ್ ಅಂದ್ರ ರೊಕ್ಕ ಕಟ್ಟಲೇಬೇಕೇನು? ಗ್ರೂಪಿನ ಪ್ರಶ್ನೋತ್ತರ

ಪ್ರಶ್ನೆ – ಪಿಎಚ್‌ಡಿ ವಿದ್ಯಾರ್ಥಿ, ಮಣ್ಣುವಿಜ್ಞಾನ, ರಾಯಚೂರು

ಸರ್, ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿ ಮ್ಯಾಲ ಬರೆದ ಪೇಪರ್ ಒಂದು ವಿದೇಶಿ ಜರ್ನಲ್‌ದಾಗ ಅಕ್ಸೆಪ್ಟ್ ಆಗ್ಯಾದ. ಈಗ ಪೋರ್ಟಲ್‌ದಾಗ ಎರಡು ಆಯ್ಕೆ ತೋರಸ್ಲಿಕತ್ತದ. ಒಂದು ಸಬ್‌ಸ್ಕ್ರಿಪ್ಷನ್, ಇನ್ನೊಂದು ಓಪನ್ ಆಕ್ಸೆಸ್. ಎರಡನೇದು ಒತ್ತಿದ್ರ 2,900 ಡಾಲರ್ ಅಂತದ. ಕಟ್ಟಲಿಲ್ಲಂದ್ರ ಪೇಪರ್ ತಗದು ಹಾಕ್ತಾರೇನು? ಗೈಡ್ ನೋಡಿದ್ರ, ಪ್ರಾಜೆಕ್ಟ್ ಪೇಪರ್ ಅದ, ಓಪನ್ ಇರಲೇಬೇಕು ಅಂತಾರ.

ಉತ್ತರ – ಗ್ರಂಥಪಾಲಕರು, ಬಳ್ಳಾರಿ

ತೆಗೆಯುವುದಿಲ್ಲ. ಅಕ್ಸೆಪ್ಟ್ ಮಾಡುವವರು ಸಂಪಾದಕರು, ಬಿಲ್ ಕಳಿಸುವವರು ಪ್ರಕಾಶಕರ ಆಫೀಸಿನವರು. ಎರಡು ಆಯ್ಕೆ ಬಂದಿದೆ ಎಂದರೆ ಅದು ಹೈಬ್ರಿಡ್ ಜರ್ನಲ್: ಮೂಲದಲ್ಲಿ ಚಂದಾ ಜರ್ನಲ್ಲೇ, ಲೇಖಕ ದುಡ್ಡು ಕೊಟ್ಟರೆ ಅವನ ಒಂದು ಲೇಖನವನ್ನು ಮಾತ್ರ ಎಲ್ಲರಿಗೂ ತೆರೆದಿಡುತ್ತಾರೆ. ಪೂರ್ತಿ ಓಪನ್ ಇರುವ ಗೋಲ್ಡ್ ಜರ್ನಲ್ ಆಗಿದ್ದರೆ ಈ ಆಯ್ಕೆಯೇ ಬರುತ್ತಿರಲಿಲ್ಲ, ಬರೀ ಬಿಲ್ ಬರುತ್ತಿತ್ತು. ಡಾಲರಿಗೆ 85 ರೂಪಾಯಿ ಹಿಡಿದರೂ 2,900 ಡಾಲರ್ ಅಂದರೆ 2,46,500 ರೂಪಾಯಿ, ತೆರಿಗೆ ಬೇರೆ. ಸ್ಕಾಲರ್‌ಶಿಪ್ ನಂಬಿಕೊಂಡವರು ಕಟ್ಟುವ ರೊಕ್ಕ ಅಲ್ಲ ಇದು.

ಸಬ್‌ಸ್ಕ್ರಿಪ್ಷನ್ ಒತ್ತಿರಿ. ಒತ್ತುವ ಮೊದಲು ಪುಟದ ಶುಲ್ಕ, ಬಣ್ಣದ ಚಿತ್ರದ ಶುಲ್ಕ ಏನಾದರೂ ಇದೆಯಾ ನೋಡಿಕೊಳ್ಳಿ. ಆಮೇಲೆ ಗ್ರೀನ್ ದಾರಿಯಲ್ಲಿ ಪೇಪರನ್ನು ನೀವೇ ಓಪನ್ ಮಾಡಬಹುದು. ಅದಕ್ಕೆ ಒಂದು ಪೇಪರಿಗೆ ಮೂರು ರೂಪ ಇರುತ್ತವೆ ಅನ್ನುವುದು ಗೊತ್ತಿರಬೇಕು. ರಿವ್ಯೂಗೆ ಮೊದಲು ಕಳಿಸಿದ್ದು ಪ್ರಿಪ್ರಿಂಟ್. ರಿವ್ಯೂದವರು ಹೇಳಿದ್ದನ್ನೆಲ್ಲ ತಿದ್ದಿ, ಸಂಪಾದಕರು ಒಪ್ಪಿದ ನಿಮ್ಮದೇ ವರ್ಡ್ ಫೈಲು ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್. ಜರ್ನಲಿನ ಲೋಗೊ, ಎರಡು ಕಾಲಮ್ಮು, ಪುಟಸಂಖ್ಯೆ ಹಾಕಿ ಅವರು ಮಾಡಿದ ಪಿಡಿಎಫ್ ಪ್ರಕಟಿತ ಆವೃತ್ತಿ. ನೀವು ಹಾಕಬಹುದಾದದ್ದು ಸಾಮಾನ್ಯವಾಗಿ ನಡುವಿನದು. ಆದರೆ ಆ ಫೈಲನ್ನು ಹೆಚ್ಚಿನವರು ಉಳಿಸಿಕೊಂಡಿರುವುದೇ ಇಲ್ಲ. ವರ್ಷ ಬಿಟ್ಟು ಹುಡುಕಿದರೆ 'ಫೈನಲ್', 'ಫೈನಲ್ 2', 'ಫೈನಲ್ ಲಾಸ್ಟ್' ಅಂತ ಹತ್ತು ಸಿಗುತ್ತವೆ. ಅಕ್ಸೆಪ್ಟ್ ಮೇಲ್ ಬಂದ ದಿನವೇ ಆ ಫೈಲನ್ನು ತಾರೀಖು ಹಾಕಿ ಬೇರೆ ಇಡಿ.

ಮುಂದೆ ಜರ್ನಲಿನ ನಿಯಮ. ಮೊದಲು ಶೆರ್ಪಾ ರೋಮಿಯೊ ಅನ್ನುತ್ತಿದ್ದದ್ದು ಈಗ ಓಪನ್ ಪಾಲಿಸಿ ಫೈಂಡರ್. ಆ ಸೈಟಿನಲ್ಲಿ ಐಎಸ್‌ಎಸ್‌ಎನ್ (ಜರ್ನಲಿನ ಗುರುತಿನ ನಂಬರ್) ಹೊಡೆದರೆ ಯಾವ ಆವೃತ್ತಿಯನ್ನು ಎಲ್ಲಿ, ಎಷ್ಟು ತಿಂಗಳ ಮೇಲೆ ಹಾಕಬಹುದು ಎಂದು ಬರುತ್ತದೆ. ಸ್ಪ್ರಿಂಗರ್‌ನ ಚಂದಾ ಜರ್ನಲ್‌ಗಳಲ್ಲಿ ಸಂಸ್ಥೆಯ ಭಂಡಾರಕ್ಕೆ (ಪೇಪರ್‌ಗಳನ್ನು ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಿಡುವ ರೆಪಾಸಿಟರಿ) ಹಾಕಲು ಸಾಮಾನ್ಯವಾಗಿ 12 ತಿಂಗಳು ಕಾಯಬೇಕು. ಎಲ್ಸೆವಿಯರ್‌ನಲ್ಲಿ ಬಹುಪಾಲು 12ರಿಂದ 24, ಜರ್ನಲ್ ಮೇಲೆ ಹೋಗುತ್ತದೆ. ಕಾಯುವ ಅವಧಿ ಎಣಿಸುವುದು ಪ್ರಕಟವಾದ ದಿನದಿಂದ, ಅಕ್ಸೆಪ್ಟ್ ಆದ ದಿನದಿಂದ ಅಲ್ಲ. ಹಾಕುವಾಗ ಪ್ರಕಟಿತ ಲೇಖನದ ಡಿಒಐ (ಪ್ರತಿ ಲೇಖನಕ್ಕೂ ಕೊಡುವ ಕಾಯಂ ನಂಬರ್) ಕೊಂಡಿಯನ್ನು ಮೊದಲ ಪುಟದಲ್ಲೇ ಕೊಡಬೇಕು.

ನಿಮ್ಮ ಗೈಡ್ ಹೇಳಿದ್ದೂ ತಪ್ಪಲ್ಲ. ಕೃಷಿ ಸಂಶೋಧನಾ ಪರಿಷತ್ತು ಐಸಿಎಆರ್‌ಗೆ 2013ರಿಂದ, ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳಾದ ಡಿಎಸ್‌ಟಿ-ಡಿಬಿಟಿಗೆ 2014ರ ಡಿಸೆಂಬರಿನಿಂದ ಓಪನ್ ಆಕ್ಸೆಸ್ ನೀತಿ ಇದೆ. ಆದರೆ ಅವು ಕೇಳುವುದು ಪೇಪರನ್ನು ಭಂಡಾರಕ್ಕೆ ಹಾಕಿ ಎಂದು. ಡಾಲರ್ ಕಟ್ಟಿ ಎಂದಲ್ಲ.

ಅದೇ ವಿದ್ಯಾರ್ಥಿ

ಸರ್, ಅವಸರದಾಗ ಓಪನ್ ಒತ್ತಿಬಿಟ್ಟೀನಿ. ಲೈಸೆನ್ಸ್ ಫಾರ್ಮ್‌ಗೂ ಸಹಿ ಆಗ್ಯಾದ. ಬಿಲ್ ಇನ್ನಾ ಬಂದಿಲ್ಲ.

ಗ್ರಂಥಪಾಲಕರು, ಬಳ್ಳಾರಿ

ಇವತ್ತೇ ಪ್ರೊಡಕ್ಷನ್ ವಿಭಾಗಕ್ಕೆ ಮೇಲ್ ಹಾಕ್ರಿ, ಸಂಪಾದಕರಿಗೂ ಅದರ ಪ್ರತಿ ಹೋಗಲಿ. ಪೇಪರ್ ನಂಬರ್ ಕೊಟ್ಟು, ಆಯ್ಕೆ ತಪ್ಪಾಗಿದೆ, ಚಂದಾ ಮಾರ್ಗಕ್ಕೆ ಬದಲಿಸಿ, ಹೊಸ ಕಾಪಿರೈಟ್ ಫಾರ್ಮ್ ಕಳಿಸಿ ಎಂದು ನಾಲ್ಕು ಸಾಲು ಸಾಕು. ಆನ್‌ಲೈನ್‌ನಲ್ಲಿ ಪ್ರಕಟವಾಗುವ ಮೊದಲು ಕೇಳಿದರೆ ಬದಲಿಸಲು ದಾರಿ ಇರುತ್ತದೆ. ಸಿಸಿ (ಕ್ರಿಯೇಟಿವ್ ಕಾಮನ್ಸ್, ಬೇರೆಯವರೂ ಮರುಬಳಸಬಹುದು ಎಂಬ) ಲೈಸೆನ್ಸ್ ಹಾಕಿ ಹೊರಬಂದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ, ಬಿಲ್ ನಿಂತೇ ಇರುತ್ತದೆ.

ಪ್ರಶ್ನೆ – ಅತಿಥಿ ಉಪನ್ಯಾಸಕಿ, ಕೊಪ್ಪಳ

ವಾಟ್ಸಾಪ್‌ನ್ಯಾಗ ದಿನಾ ಒಂದು ಮೆಸೇಜ್ ಬರಾಕತ್ತೈತ್ರಿ: '3 ದಿನದಲ್ಲಿ ಪಬ್ಲಿಕೇಶನ್, ಓಪನ್ ಆಕ್ಸೆಸ್, ಬರೀ 1,800 ರೂಪಾಯಿ, ಯುಜಿಸಿ ಕೇರ್ ಲಿಸ್ಟೆಡ್, ಇಂಪ್ಯಾಕ್ಟ್ ಫ್ಯಾಕ್ಟರ್ 8.2, ಐಎಸ್‌ಎಸ್‌ಎನ್ ಇದೆ, ಸರ್ಟಿಫಿಕೇಟ್ ಉಚಿತ.' 1,800 ಅಂದ್ರ ಕೈಗೆ ಎಟುಕೂ ರೊಕ್ಕ. ಕಳಿಸಬಹುದೇನ್ರಿ?

ಉತ್ತರ – ಗ್ರಂಥಪಾಲಕರು, ಬಳ್ಳಾರಿ

ಬೇಡ ಮೇಡಂ. ಆ ಮೆಸೇಜನ್ನೇ ಬಿಡಿಸಿ ನೋಡೋಣ.

ಯುಜಿಸಿ ಕೇರ್ ಎಂಬ, ಒಪ್ಪಿತ ಜರ್ನಲ್‌ಗಳ ಪಟ್ಟಿಯನ್ನು ಯುಜಿಸಿಯೇ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿದೆ. ಅಳತೆಗೋಲು ಎಂದು ಒಂದಿಷ್ಟು ಅಂಶಗಳನ್ನು ಕೊಟ್ಟು, ತೀರ್ಮಾನವನ್ನು ಸಂಸ್ಥೆಗಳಿಗೆ ಬಿಟ್ಟಿದೆ. ಇಲ್ಲದ ಪಟ್ಟಿಯಲ್ಲಿ ಈಗಲೂ ಇದ್ದೇವೆ ಅನ್ನುವವರನ್ನು ಏನೆನ್ನೋಣ? ಮೂರು ದಿನದಲ್ಲಿ ರಿವ್ಯೂ ಆಗುವ ಮಾತೇ ಇಲ್ಲ. ಇಬ್ಬರು ತಜ್ಞರನ್ನು ಒಪ್ಪಿಸುವುದಕ್ಕೇ ಸಂಪಾದಕರಿಗೆ ವಾರಗಟ್ಟಲೆ ಹಿಡಿಯುತ್ತದೆ. ಜರ್ನಲಿನ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಉಲ್ಲೇಖಿಸಿದ್ದಾರೆ ಎಂದು ಹೇಳುವ ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವುದು ಕ್ಲ್ಯಾರಿವೇಟ್ ಕಂಪನಿ ಒಂದೇ, ಮುಂದೆ ಹಿಂದೆ ಏನಾದರೂ ಹೆಸರು ಅಂಟಿಸಿಕೊಂಡದ್ದೆಲ್ಲ ಬೇರೆ ಸರಕು. ಐಎಸ್‌ಎಸ್‌ಎನ್ ಪತ್ರಿಕೆಯ ಗುರುತಿನ ನಂಬರ್ ಅಷ್ಟೇ, ಬೈಕಿಗೆ ನಂಬರ್ ಪ್ಲೇಟ್ ಇದ್ದಹಾಗೆ: ಬ್ರೇಕ್ ಸರಿ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ. ಇನ್ನು ಸರ್ಟಿಫಿಕೇಟ್. ಒಳ್ಳೆಯ ಜರ್ನಲಿನಲ್ಲಿ ಪೇಪರ್ ಬಂದದ್ದಕ್ಕೆ ಪೇಪರೇ ಸಾಕ್ಷಿ.

ಯಾವ ಜರ್ನಲ್ ಆದರೂ ಹತ್ತು ನಿಮಿಷದಲ್ಲಿ ಹೀಗೆ ಪರೀಕ್ಷೆ ಮಾಡಬಹುದು. ಡಿಒಎಜೆ ಎಂಬ ಓಪನ್ ಆಕ್ಸೆಸ್ ಜರ್ನಲ್‌ಗಳ ಸೂಚಿ 2003ರಿಂದ ಇದೆ, ಅದರಲ್ಲಿ ಹೆಸರು ಬಿಟ್ಟು ಐಎಸ್‌ಎಸ್‌ಎನ್ ಹೊಡೆದು ಹುಡುಕಿ. ಸಿಕ್ಕರೆ ಶುಲ್ಕ ಎಷ್ಟು, ಲೈಸೆನ್ಸ್ ಯಾವುದು, ರಿವ್ಯೂ ಹೇಗೆ, ಎಲ್ಲ ಅಲ್ಲೇ ಇರುತ್ತದೆ. ಅವರ ಹಳೇ ಲೇಖನ ಒಂದರ ಡಿಒಐಯನ್ನು ಡಿಒಐ ಸೈಟಿನಲ್ಲಿ ಹಾಕಿ. ಆ ಲೇಖನಕ್ಕೇ ಹೋಗಬೇಕು, 'ಸಿಗಲಿಲ್ಲ' ಎಂದು ಬಂದರೆ ಆ ನಂಬರ್ ಬರೀ ಅಲಂಕಾರ. ಸಂಪಾದಕ ಮಂಡಳಿಯ ಇಬ್ಬರನ್ನು ಆರಿಸಿ, ಅವರ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ, ಈ ಜರ್ನಲಿನ ಹೆಸರು ಅಲ್ಲಿದೆಯಾ ನೋಡಿ. ಸ್ಕೋಪಸ್ ಎಂಬ ಜರ್ನಲ್ ಸೂಚಿಯಲ್ಲಿದ್ದೇವೆ ಅಂದರೆ ಸ್ಕೋಪಸ್‌ನ ಪಟ್ಟಿಯಲ್ಲಿ ಯಾವ ವರ್ಷದ ತನಕ ಎಂಬ ಕಾಲಮ್ ಓದಿ. ಎಷ್ಟೋ ಜರ್ನಲ್‌ಗಳು ಹೊರಬಿದ್ದು ವರ್ಷಗಳಾದರೂ ಹಳೇ ಬೋರ್ಡು ಹಾಗೇ ಇರುತ್ತದೆ.

ಅಸಲಿ ಜರ್ನಲಿನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಕಲಿ ಸೈಟ್ ಕಟ್ಟುವವರೂ ಇದ್ದಾರೆ. ಅದಕ್ಕೇ ಗೂಗಲ್‌ನಲ್ಲಿ ಮೊದಲು ಬಂದದ್ದನ್ನು ಒತ್ತದೆ, ಡಿಒಎಜೆ ಅಥವಾ ಐಎಸ್‌ಎಸ್‌ಎನ್ ಪೋರ್ಟಲಿನಲ್ಲಿ ಕೊಟ್ಟ ಕೊಂಡಿಯಿಂದಲೇ ಸೈಟಿಗೆ ಹೋಗಿ. ಮೋಸದ ಜರ್ನಲ್‌ಗಳ ಬೀಲ್ ಪಟ್ಟಿ ಎಂದು ಕೆಲವರು ಕಳಿಸುತ್ತಾರಲ್ಲ, ಅದರ ಮೂಲ 2017ರ ಜನವರಿಯಲ್ಲೇ ಮುಚ್ಚಿದೆ. ಅದೊಂದನ್ನೇ ನೆಚ್ಚಿ ಕೂರಬೇಡಿ.

ಪ್ರತಿಕ್ರಿಯೆ – ಜರ್ನಲ್ ಸಂಪಾದಕ ಮಂಡಳಿ ಸದಸ್ಯರು, ಬಳ್ಳಾರಿ

ಒಂದು ಸೇರಿಸ್ತೀನಿ. ದೊಡ್ಡ ಹೆಸರಿದ್ದರೂ ವಿಶೇಷ ಸಂಚಿಕೆಗೆ ಕರೆ ಬಂದಾಗ ಕಣ್ಣು ತೆರೆದಿರಲಿ. ಹಿಂದಾವಿ ಎಂಬ ಪ್ರಕಾಶಕರ ಜರ್ನಲ್‌ಗಳು 2023ರಲ್ಲಿ 8,000ಕ್ಕೂ ಹೆಚ್ಚು ಪೇಪರ್ ಹಿಂಪಡೆದವು, ಬಹುಪಾಲು ವಿಶೇಷ ಸಂಚಿಕೆಗಳವೇ. ಅತಿಥಿ ಸಂಪಾದಕ ಯಾರು, ಆ ವಿಷಯದಲ್ಲಿ ಅವರೇ ಏನು ಬರೆದಿದ್ದಾರೆ ಎಂದು ನೋಡದೆ ಕಳಿಸಬೇಡಿ.

ಪೇಪರ್ ಆಗಲೇ ಕಳಿಸಿದವರಿಗೆ: ರೊಕ್ಕ ಕಟ್ಟಿಲ್ಲ, ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಿಲ್ಲ ಅಂದರೆ ಮೇಲ್ ಮಾಡಿ ಹಿಂತೆಗೆದುಕೊಳ್ಳಿ. 'ವಿತ್‌ಡ್ರಾವಲ್ ಫೀ' ಎಂದು ಹೆದರಿಸಿದರೆ ಕಟ್ಟಬೇಡಿ, ಮೇಲ್‌ಗಳನ್ನು ಮಾತ್ರ ಜೋಪಾನ ಮಾಡಿ. ಹೊಸ ಜರ್ನಲಿಗೆ ಕಳಿಸುವಾಗ ಕವರ್ ಲೆಟರಿನಲ್ಲಿ ನಡೆದದ್ದನ್ನು ಹೇಳಿಬಿಡಿ. ಮುಚ್ಚಿಟ್ಟು, ಅಲ್ಲೂ ಇಲ್ಲೂ ಎರಡೂ ಕಡೆ ಪ್ರಕಟವಾದರೆ ಅದು ಡುಪ್ಲಿಕೇಟ್ ಪಬ್ಲಿಕೇಶನ್, ಒಳ್ಳೇ ಕಡೆ ಬಂದದ್ದೂ ಹೋಗುತ್ತದೆ.

ಪಿಎಚ್‌ಡಿಗೆ ಪೇಪರ್ ಕಡ್ಡಾಯ ಎಂಬ ಷರತ್ತನ್ನು ಯುಜಿಸಿ 2022ರ ನವೆಂಬರಿನ ನಿಯಮದಲ್ಲಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಪಿಎಚ್‌ಡಿ ಸೆಕ್ಷನ್ನಿನಲ್ಲಿ ಬರವಣಿಗೆಯಲ್ಲಿ ಕೇಳಿ.

ಪ್ರಶ್ನೆ – ಪಿಜಿ ವಿದ್ಯಾರ್ಥಿ, ವೈದ್ಯಕೀಯ, ಬಳ್ಳಾರಿ

ಬಡ ದೇಶದವರಿಗೆ ಶುಲ್ಕ ಮಾಫಿ ಇದೆಯಂತೆ. ನಮಗೆ ಸಿಗುತ್ತಾ ಸರ್? ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂತಲ್ಲ, ಅದರಲ್ಲಿ?

ಉತ್ತರ – ಗ್ರಂಥಪಾಲಕರು, ಬಳ್ಳಾರಿ

ತಾನಾಗಿ ಸಿಗುವ ಮಾಫಿ ಬಹುತೇಕ ರಿಸರ್ಚ್ ಫಾರ್ ಲೈಫ್ ಎಂಬ, ಬಡ ದೇಶಗಳಿಗೆ ನೆರವಾಗುವ ಕಾರ್ಯಕ್ರಮದ ಪಟ್ಟಿಯ ದೇಶಗಳಿಗೆ. ಎ ಗುಂಪಿಗೆ ಪೂರ್ತಿ, ಬಿ ಗುಂಪಿಗೆ ಅರ್ಧ. ಭಾರತ ಎರಡರಲ್ಲೂ ಇಲ್ಲ. ಅರ್ಜಿ ಹಾಕಿ ಕೇಳುವ ವಿವೇಚನಾ ಮಾಫಿ ಬೇರೆ. ಅದನ್ನು ಪೇಪರ್ ಸಲ್ಲಿಸುವಾಗಲೇ ಕೇಳಬೇಕು, ಅಕ್ಸೆಪ್ಟ್ ಆದ ಮೇಲೆ ಬಹಳಷ್ಟು ಪ್ರಕಾಶಕರು ಕಿವಿಗೊಡುವುದಿಲ್ಲ. ಸಂಸ್ಥೆಯಿಂದ, ಪ್ರಾಜೆಕ್ಟಿನಿಂದ ಹಣವಿಲ್ಲ ಎಂಬ ವಿಭಾಗ ಮುಖ್ಯಸ್ಥರ ಪತ್ರ ಜೊತೆಗಿರಲಿ.

ನೀವು ಹೇಳಿದ ಯೋಜನೆಗೆ ಸಂಪುಟ ಒಪ್ಪಿದ್ದು 2024ರ ನವೆಂಬರ್ 25ರಂದು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್ ಸರ್ಕಾರಿ ಸಂಸ್ಥೆಗಳಲ್ಲಿ ಓದಲು ಸಿಗುತ್ತವೆ. ಆ ಪಟ್ಟಿಯ ಜರ್ನಲ್ ಎಂದ ಮಾತ್ರಕ್ಕೆ ನಿಮ್ಮ ಪೇಪರಿನ ಶುಲ್ಕ ಮಾಫಿ ಆಗುವುದಿಲ್ಲ.

ಲೇಖಕನೂ ಕೊಡದ, ಓದುಗನೂ ಕೊಡದ ಡೈಮಂಡ್ ಜರ್ನಲ್ ಹುಡುಕಿ. ಡಿಒಎಜೆಯಲ್ಲಿ 'ಶುಲ್ಕವಿಲ್ಲ' ಎಂಬ ಫಿಲ್ಟರ್ ಇದೆ. ನಮ್ಮಲ್ಲೇ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ತನ್ನ ಜರ್ನಲ್‌ಗಳ ಪಿಡಿಎಫ್‌ಗಳನ್ನು ತನ್ನ ಸೈಟಿನಲ್ಲಿ ಉಚಿತವಾಗಿ ಇಡುತ್ತದೆ.

ಪ್ರಶ್ನೆ – ಇತಿಹಾಸ ಸಂಶೋಧಕರು, ಮಸ್ಕಿ

ಅಶೋಕನ ಶಾಸನದ ಪಡಿಯಚ್ಚು, ಫೋಟೊ ಪೇಪರ್‌ದಾಗ ಅವ. ಸಿಸಿ ಬೈ ಅಂದ್ರ ಯಾರು ಬೇಕಾದ್ರೂ ವ್ಯಾಪಾರಕ್ಕೂ ಬಳಸಬಹುದಂತ. ಫೋಟೊಗಳ ಗತಿ?

ಉತ್ತರ – ಗ್ರಂಥಪಾಲಕರು, ಬಳ್ಳಾರಿ

ಹೌದು, ನಿಮ್ಮ ಹೆಸರು ಹೇಳಿದರೆ ಸಾಕು, ವ್ಯಾಪಾರಕ್ಕೂ ಬಳಸಬಹುದು. ಬೇಡವೆನಿಸಿದರೆ, ಜರ್ನಲ್ ಅವಕಾಶ ಕೊಟ್ಟಿದ್ದಲ್ಲಿ ವ್ಯಾಪಾರದ ಬಳಕೆ ಬಿಡದ ಸಿಸಿ ಬೈ ಎನ್‌ಸಿ ಆರಿಸಿ. ಬಂಡೆಯ ಮೇಲಿನ ಅಕ್ಷರಕ್ಕೆ ಕಾಪಿರೈಟ್ ಇಲ್ಲ, ಫೋಟೊಗೆ ಇದೆ. ನಮ್ಮ ಕಾಯ್ದೆಯಲ್ಲಿ, 2012ರ ತಿದ್ದುಪಡಿಯ ಮೇಲೆ, ಫೋಟೊ ತೆಗೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ; ಅದಕ್ಕೂ ಮೊದಲು ಪ್ರಕಟವಾದ ದಿನವೇ ಲೆಕ್ಕಕ್ಕೆ ಬರುತ್ತಿತ್ತು. ಶಾಸನ ಸಿಕ್ಕ 1915ರ ಸುಮಾರಿಗೆ ಅಚ್ಚಾದ ಚಿತ್ರಕ್ಕೆ ಆ ಹಳೇ ನಿಯಮದಲ್ಲೇ ಅವಧಿ ಯಾವಾಗಲೋ ಮುಗಿದಿದೆ. ಇತ್ತೀಚಿನವರ ಫೋಟೊ ಆದರೆ 'ಓಪನ್ ಆಕ್ಸೆಸ್ ಲೇಖನದಲ್ಲಿ ಬಳಸಲು' ಎಂದೇ ಬರೆಸಿಕೊಂಡ ಅನುಮತಿ ಬೇಕು. ಚಿತ್ರದ ಕೆಳಗೆ ಹಕ್ಕು ಇಂಥವರದು, ಲೇಖನದ ಲೈಸೆನ್ಸ್ ಇದಕ್ಕೆ ಅನ್ವಯಿಸದು ಎಂದು ಹಾಕಿ.

ಪ್ರಶ್ನೆ – ಕನ್ನಡ ಉಪನ್ಯಾಸಕರು, ಗಂಗಾವತಿ

ಕನ್ನಡದಾಗ ಬರದ ಲೇಖನ ಓಪನ್ ಆಗಿ ಇಟ್ಟೀವಿ, ಗೂಗಲ್ ಸ್ಕಾಲರ್‌ನ್ಯಾಗ ಮಾತ್ರ ಸಿಗವಲ್ದು. ಯಾಕ?

ಉತ್ತರ – ಗ್ರಂಥಪಾಲಕರು, ಬಳ್ಳಾರಿ

ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕ್ರಿ. ಕನ್ನಡ ಅಕ್ಷರದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಬಂದರೆ ಅದು ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಆದದ್ದು. ನಮ್ಮ ಕಣ್ಣಿಗೆ ಕನ್ನಡ, ಗೂಗಲ್ಲಿಗೆ ಗೋಜಲು. ಫೈಲನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ತಿದ್ದಿ. ಪರಿವರ್ತನೆಯಲ್ಲಿ ಕೆಡುವುದು ಅವೇ. ಹೊಸ ಪಿಡಿಎಫ್ ಮಾಡಿ ಮತ್ತೆ ಅದೇ ಕಾಪಿ ಪರೀಕ್ಷೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಏನೂ ಕಾಪಿಯೇ ಆಗುವುದಿಲ್ಲ, ಅದಕ್ಕೆ ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ಬೇಕು.

ಸಂಸ್ಥೆಯ ಭಂಡಾರ ಇಲ್ಲದಿದ್ದರೆ ಜೆನೊಡೊದಲ್ಲಿ ಇಡಿ. ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಉಚಿತ ಭಂಡಾರ, ಡಿಒಐಯೂ ಕೊಡುತ್ತದೆ. ಶೀರ್ಷಿಕೆ, ಸಾರಾಂಶ ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಇರಲಿ. ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಎಲ್ಲ ಕಡೆ ಒಂದೇ ಇಡಿ, ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಆದರೆ ಸ್ಕಾಲರ್ ನಿಮ್ಮನ್ನು ಇಬ್ಬರು ಮಾಡುತ್ತದೆ.