ತರಬೇತಿಗೂ ತಂತ್ರಜ್ಞಾನ ಬಳಕೆಯ ನಿರಾಳತೆಗೂ ಸಂಬಂಧವೇ ಕಾಣುತ್ತಿಲ್ಲ: ಗುಣಾಂಕ ಸೊನ್ನೆಯ ಬಳಿಯೇ ನಿಂತಿದೆ

ಶುಶ್ರೂಷಾಜಿಜ್ಞಾಸು:
ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪ್ರಬಂಧಕ್ಕಾಗಿ 112 ಶುಶ್ರೂಷಕರಿಂದ ಪ್ರಶ್ನಾವಳಿ ತುಂಬಿಸಿಕೊಂಡಿದ್ದೇನೆ. ಅವರು ಪಡೆದ ತರಬೇತಿಯ ಗಂಟೆಗಳಿಗೂ, ಆಸ್ಪತ್ರೆಯ ಉಪಕರಣ ಮತ್ತು ಗಣಕೀಕೃತ ದಾಖಲೆಗಳನ್ನು ಬಳಸುವಾಗ ಅವರಿಗಿರುವ ನಿರಾಳತೆಗೂ ಸಂಬಂಧವಿದೆಯೇ ಎಂಬುದು ನನ್ನ ಪ್ರಶ್ನೆ. ವಾರ್ಡಿನಲ್ಲಿ ದುಡಿದವರಿಗೆ ಇದು ಕಣ್ಣಿಗೆ ಕಾಣುವ ಸಂಗತಿ: ಇನ್ಫ್ಯೂಷನ್ ಪಂಪನ್ನು ಸರಿಯಾಗಿ ಕಲಿತವರು ಅಲಾರಂ ಬಡಿದಾಗ ಮೊದಲು ಪರದೆಯ ಸಂದೇಶವನ್ನು ಓದುತ್ತಾರೆ; ಕಲಿಯದವರು ಸದ್ದು ನಿಲ್ಲಿಸುವ ಗುಂಡಿಯನ್ನು ಹುಡುಕುತ್ತಾರೆ. ಆದರೂ ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶ ಕೊಡುತ್ತಿರುವ ಪಿಯರ್ಸನ್ ಗುಣಾಂಕ (ಎರಡು ಅಳತೆಗಳ ನಡುವಿನ ಸಂಬಂಧವನ್ನು −1ರಿಂದ 1ರವರೆಗೆ ಸೂಚಿಸುವ ಅಂಕಿ; ಸೊನ್ನೆ ಎಂದರೆ ಸಂಬಂಧ ಕಾಣುತ್ತಿಲ್ಲ) −0.04. ಎಷ್ಟು ಸಲ ಲೆಕ್ಕ ಹಾಕಿಸಿದರೂ ಅದೇ ಉತ್ತರ. ‘ಸಂಬಂಧವಿಲ್ಲ ಎಂದೇ ಬರೆದುಬಿಡಿ’ ಎಂದು ಗೈಡ್ ಹೇಳುತ್ತಿದ್ದಾರೆ. ಹಾಗೆ ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಶ್ರೇಣಿಪ್ರಿಯ:
ಮೇಡಂ, ಪಿಯರ್ಸನ್ ಗುಣಾಂಕವನ್ನು ಬಳಸಿದ್ದೇ ಸಮಸ್ಯೆ. ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಂದ ‘ಪೂರ್ಣವಾಗಿ ಒಪ್ಪುತ್ತೇನೆ’ ಎಂಬಲ್ಲಿಯವರೆಗಿನ 1ರಿಂದ 5ರ ಅಂಕದ ಲಿಕರ್ಟ್ ಉತ್ತರಗಳು ಕ್ರಮವನ್ನಷ್ಟೇ ಸೂಚಿಸುತ್ತವೆ. ಎರಡಕ್ಕೂ ಮೂರಕ್ಕೂ ನಡುವಿನ ಅಂತರವೂ ನಾಲ್ಕಕ್ಕೂ ಐದಕ್ಕೂ ನಡುವಿನ ಅಂತರವೂ ಒಂದೇ ಎನ್ನಲು ಆಧಾರವಿಲ್ಲ. ಇಂಥ ದತ್ತಾಂಶಕ್ಕೆ, ಅಂಕಗಳ ಬದಲು ಅವುಗಳ ಸ್ಥಾನಕ್ರಮವನ್ನು ಬಳಸುವ ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧವೇ ಸೂಕ್ತ. ಅದನ್ನು ಹಾಕಿ ನೋಡಿ.

ಶುಶ್ರೂಷಾಜಿಜ್ಞಾಸು:
ಹಾಕಿದೆ, ಸರ್. ಉತ್ತರ 0.01. ಏನೂ ಬದಲಾಗಲಿಲ್ಲ.

ಶ್ರೇಣಿಪ್ರಿಯ:
ಹಾಗಿದ್ದರೆ ಸಮಾನ ಶ್ರೇಣಿಗಳು ಹೆಚ್ಚಿರಬೇಕು. ತರಬೇತಿಯನ್ನೇ ಪಡೆಯದವರೆಲ್ಲ ಸೊನ್ನೆ ಗಂಟೆಯಲ್ಲಿ ಒಟ್ಟಾಗಿ ನಿಂತಿರುತ್ತಾರೆ. ಕೆಂಡಾಲ್ ಟೌ-ಬಿ ಎಂಬ ಇನ್ನೊಂದು ಶ್ರೇಣಿ ಗುಣಾಂಕ ಇಂಥ ಸಮಾನ ಶ್ರೇಣಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ; ಅದನ್ನೂ ಪರೀಕ್ಷಿಸಿ.

ಆಲ್ಫಾನೋಟ:
ಶ್ರೇಣಿಪ್ರಿಯರೇ, ಲಿಕರ್ಟ್ ತನ್ನ ಮಾಪನವನ್ನು 1932ರಲ್ಲಿ ಮಂಡಿಸಿದ್ದೇ ಹಲವು ಹೇಳಿಕೆಗಳ ಅಂಕಗಳನ್ನು ಒಟ್ಟುಗೂಡಿಸಿ ಬಳಸುವುದಕ್ಕಾಗಿ. ಒಂದೊಂದು ಹೇಳಿಕೆ ಕ್ರಮಸೂಚಕವಾದರೂ ಇಪ್ಪತ್ತು ಹೇಳಿಕೆಗಳ ಮೊತ್ತಕ್ಕೆ ಪಿಯರ್ಸನ್ ಬಳಸುವುದರಲ್ಲಿ ದೋಷವಿಲ್ಲ. ಗುಣಾಂಕವನ್ನು ಬದಲಿಸಿದರೆ 0.30 ಇದ್ದದ್ದು 0.27 ಆಗಬಹುದು, ನಿಜವಾದ ಸಂಬಂಧವೊಂದು ಮಾಯವಾಗುವುದು ಅಪರೂಪ.

ಜಿಜ್ಞಾಸು ಅವರೇ, ನಿಮ್ಮ ಮಾಪನದ ಕ್ರಾನ್‌ಬ್ಯಾಕ್ ಆಲ್ಫಾ, ಅಂದರೆ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಂಕಿ, ಎಷ್ಟು?

ಶುಶ್ರೂಷಾಜಿಜ್ಞಾಸು:
0.38. ಹೇಳಿಕೆಗಳು ಇಪ್ಪತ್ತು, ಅವುಗಳಲ್ಲಿ ಆರು ನಕಾರಾತ್ಮಕ. ಅವುಗಳ ಅಂಕಗಳನ್ನು ಆರರಿಂದ ಕಳೆದು ತಿರುಗಿಸಿಕೊಂಡಿದ್ದೇನೆ. ಆದ್ದರಿಂದ ಅಲ್ಲಿ ತೊಂದರೆ ಇಲ್ಲ.

ಆಲ್ಫಾನೋಟ:
ಸಿಕ್ಕಿತು. 0.38 ಎಂದರೆ ಆ ಹೇಳಿಕೆಗಳು ಒಂದೇ ವಿಷಯವನ್ನು ಅಳೆಯುತ್ತಿಲ್ಲ. ಮಾಪನ ನೆಚ್ಚತಕ್ಕದ್ದಲ್ಲದಿದ್ದರೆ ಸಹಸಂಬಂಧ ಕುಗ್ಗುತ್ತದೆ ಎಂಬುದನ್ನು ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದಾನೆ. ಪ್ರಶ್ನಾವಳಿಯನ್ನೇ ಬದಲಿಸಬೇಕಾಗುತ್ತದೆ.

ದತ್ತಾಂಶಶೋಧಕ:
ಅಷ್ಟು ಅವಸರ ಬೇಡ. ಸ್ಪಿಯರ್‌ಮನ್‌ನ ಆ ಕುಗ್ಗುವಿಕೆಯ ಸೂತ್ರವನ್ನೇ ಇಲ್ಲಿಗೆ ಅನ್ವಯಿಸಿ ನೋಡೋಣ. ನಿಜವಾದ ಸಂಬಂಧ 0.50, ನಿರಾಳತೆಯ ಮಾಪನದ ವಿಶ್ವಾಸಾರ್ಹತೆ 0.38, ತರಬೇತಿಯ ಗಂಟೆಗಳ ವಿಶ್ವಾಸಾರ್ಹತೆ 0.80 ಎಂದು ಇಟ್ಟುಕೊಳ್ಳಿ. ಎರಡು ವಿಶ್ವಾಸಾರ್ಹತೆಗಳ ಗುಣಲಬ್ಧದ ವರ್ಗಮೂಲ ಸುಮಾರು 0.55, ಅದರಿಂದ 0.50 ಅನ್ನು ಗುಣಿಸಿದರೆ ಬರುವುದು 0.28. 112 ಮಂದಿಯ ಮಾದರಿಯಲ್ಲಿ 5 ಶೇಕಡಾ ಮಟ್ಟದಲ್ಲಿ ಸಾರ್ಥಕ (ಬರೀ ಆಕಸ್ಮಿಕವಲ್ಲ) ಎನಿಸಲು ಸುಮಾರು 0.19 ಸಾಕು. ಅಂದರೆ ಸಡಿಲ ಮಾಪನವು ಸಂಬಂಧವನ್ನು ಕುಗ್ಗಿಸುತ್ತದೆಯೇ ಹೊರತು ಸೊನ್ನೆಗೆ ಇಳಿಸುವುದಿಲ್ಲ. ಕಡಿಮೆ ಆಲ್ಫಾ ಮತ್ತು ಸೊನ್ನೆಯ ಗುಣಾಂಕ ಎರಡಕ್ಕೂ ಬೇರೊಂದು ಕಾರಣ ಒಟ್ಟಿಗೆ ಇರಬಹುದು ಎಂದು ನನಗನ್ನಿಸುತ್ತದೆ.

ಪ್ರತಿಯೊಬ್ಬರನ್ನೂ ಒಂದೊಂದು ಚುಕ್ಕಿಯಾಗಿ ತೋರಿಸುವ ಸ್ಕ್ಯಾಟರ್ ಪ್ಲಾಟ್ ನೋಡಿದ್ದೀರಾ? ಸಂಖ್ಯಾಶಾಸ್ತ್ರಜ್ಞ ಆ್ಯನ್ಸ್‌ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ದತ್ತಾಂಶ ಗುಂಪುಗಳಲ್ಲಿ ಗುಣಾಂಕ ಒಂದೇ, 0.82ರ ಆಸುಪಾಸು, ಚಿತ್ರಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ.

ಶ್ರೇಣಿಪ್ರಿಯ:
ಆರ್ ತಂತ್ರಾಂಶದಲ್ಲಿ ನಾನು ಬರೆದಿಟ್ಟುಕೊಂಡಿರುವ ಸ್ಕ್ರಿಪ್ಟ್ ಮೂರೂ ಗುಣಾಂಕಗಳನ್ನೂ ಚಿತ್ರಗಳನ್ನೂ ವಿಶ್ವಾಸಾಂತರಗಳನ್ನೂ (ನಿಜವಾದ ಗುಣಾಂಕ ಇರಬಹುದಾದ ವ್ಯಾಪ್ತಿ) ಒಂದೇ ಆದೇಶಕ್ಕೆ ತಯಾರಿಸಿಕೊಡುತ್ತದೆ. ಎಸ್‌ಪಿಎಸ್‌ಎಸ್ ಬಿಟ್ಟು ಅತ್ತ ಬಂದರೆ ಇಂಥ ತೊಡಕುಗಳು ಬೇಗ ಕಣ್ಣಿಗೆ ಬೀಳುತ್ತವೆ.

ಆಲ್ಫಾನೋಟ:
ಜಾಮೋವಿ ತಂತ್ರಾಂಶವೂ ಉಚಿತವೇ, ಅದಕ್ಕೆ ಒಂದು ಸಾಲು ಕೋಡ್ ಕೂಡ ಬೇಕಿಲ್ಲ. ಆಲ್ಫಾ ಕೋಷ್ಟಕವನ್ನು ಅದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ನಾನು ಕಂಡಿಲ್ಲ.

ದತ್ತಾಂಶಶೋಧಕ:
ತಂತ್ರಾಂಶ ಯಾವುದಾದರೂ ಅದೇ ಅಂಕಿಗಳಿಂದ ಅದೇ ಗುಣಾಂಕ ಬರುತ್ತದೆ. ಜಿಜ್ಞಾಸು ಅವರೇ, ಮೊತ್ತವನ್ನು ಪಕ್ಕಕ್ಕಿಟ್ಟು ಇಪ್ಪತ್ತೂ ಹೇಳಿಕೆಗಳ ಕನಿಷ್ಠ ಮತ್ತು ಗರಿಷ್ಠ ಅಂಕಗಳನ್ನು ಇಲ್ಲಿ ಹಾಕಿ.

ಶುಶ್ರೂಷಾಜಿಜ್ಞಾಸು:
ಬಹಳಷ್ಟು ಹೇಳಿಕೆಗಳಲ್ಲಿ ಕನಿಷ್ಠ 1, ಗರಿಷ್ಠ 5. ಪಂಪ್, ಮಾನಿಟರ್, ಬಾರ್‌ಕೋಡ್ ಸ್ಕ್ಯಾನರ್ ಇತ್ಯಾದಿಗಳನ್ನು ಕುರಿತ ಐದು ಹೇಳಿಕೆಗಳಲ್ಲಿ ಗರಿಷ್ಠ 9. ‘ವೆಂಟಿಲೇಟರ್ ಬಳಿ ಒಬ್ಬಳೇ ಇರುವಾಗ ಆತಂಕವಾಗುತ್ತದೆ’ ಎಂಬ ಹೇಳಿಕೆಯಲ್ಲಿ ಕನಿಷ್ಠ −3. ‘ನನಗೆ ಅನ್ವಯಿಸುವುದಿಲ್ಲ’ ಎಂಬ ಆಯ್ಕೆ ಇತ್ತು. ಅದಕ್ಕೆ 9 ಎಂದು ಸಂಕೇತ ಕೊಟ್ಟಿದ್ದೆವು. ಎಲ್ಲ ಪ್ರಶ್ನಾವಳಿಗಳಲ್ಲೂ ಹೀಗೆಯೇ ಇರುವುದರಿಂದ ಬೇರೆಯಾಗಿ ಹೇಳಬೇಕೆನಿಸಲಿಲ್ಲ.

ದತ್ತಾಂಶಶೋಧಕ:
ಎಲ್ಲ ಉತ್ತರವೂ ಆ −3ರಲ್ಲಿದೆ. 9 ಎಂಬುದು ಬಿಟ್ಟುಹೋದ ಉತ್ತರದ ಸಂಕೇತವೆಂದು ತಂತ್ರಾಂಶಕ್ಕೆ ನೀವು ತಿಳಿಸದೇ ಇದ್ದುದರಿಂದ ಅದು 9 ಅಂಕ ಎಂದೇ ಮೊತ್ತಕ್ಕೆ ಸೇರಿದೆ. ತಿರುಗಿಸಿದ ಹೇಳಿಕೆಯಲ್ಲಿ ಆರರಿಂದ ಒಂಬತ್ತನ್ನು ಕಳೆದು −3 ಬಂದಿದೆ. ಒಂದು ಕಡೆ 9, ಇನ್ನೊಂದು ಕಡೆ −3 ಬಂದರೆ ಹೇಳಿಕೆಗಳು ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುತ್ತವೆ, ಆಲ್ಫಾ ಕುಸಿಯುತ್ತದೆ.

ಇನ್ನು ಈ ಆಯ್ಕೆಗೆ ಗುರುತು ಹಾಕಿದವರು ಯಾರೆಂದು ಯೋಚಿಸಿ. ಆ ಉಪಕರಣಗಳೇ ಇಲ್ಲದ ವಾರ್ಡುಗಳ ಶುಶ್ರೂಷಕರು. ಉಪಕರಣ ಇಲ್ಲದಿರುವುದರಿಂದಲೇ ತರಬೇತಿಯೂ ಅವರಿಗೆ ಕಡಿಮೆ ಸಿಕ್ಕಿರುತ್ತದೆ. ಐದು ಹೇಳಿಕೆಗಳಲ್ಲಿ 9 ಪಡೆದು, ಒಂದರಲ್ಲಿ ಮಾತ್ರ ಕಳೆದುಕೊಂಡು, ಕಡಿಮೆ ತರಬೇತಿಯವರೇ ಅತ್ಯಂತ ನಿರಾಳರೆಂದು ನಿಮ್ಮ ಕೋಷ್ಟಕದಲ್ಲಿ ಕಾಣುತ್ತಿದ್ದಾರೆ. ನಿಜವಾದ ಧನಾತ್ಮಕ ಸಂಬಂಧವನ್ನು ಈ ಕೃತಕ ಅಂಕಗಳು ಅಳಿಸಿಹಾಕಿವೆ. ಶ್ರೇಣಿಗಳನ್ನು ಬಳಸಿದರೂ ಇದು ಸರಿಹೋಗದು, ಏಕೆಂದರೆ ಶ್ರೇಣಿಗಳನ್ನು ಕೊಡುವುದೂ ಇದೇ ಕೆಟ್ಟ ಮೊತ್ತಕ್ಕೆ.

ವೇರಿಯಬಲ್ ವ್ಯೂನಲ್ಲಿ ಮಿಸ್ಸಿಂಗ್ ಕಾಲಂಗೆ 9 ಎಂದು ನಮೂದಿಸಿ. ಹೇಳಿಕೆಗಳನ್ನು ಮೂಲ ಅಂಕಗಳಿಂದ ಮತ್ತೆ ತಿರುಗಿಸಿ. ಮೊತ್ತದ ಬದಲು ಉತ್ತರಿಸಿದ ಹೇಳಿಕೆಗಳ ಸರಾಸರಿಯನ್ನು ತೆಗೆದುಕೊಳ್ಳಿ. ಇಲ್ಲವಾದರೆ ಕಡಿಮೆ ಉತ್ತರಿಸಿದವರ ಅಂಕ ತಾನಾಗಿಯೇ ಇಳಿಯುತ್ತದೆ.

ಶುಶ್ರೂಷಾಜಿಜ್ಞಾಸು:
ಮಾಡಿದೆ. ಆಲ್ಫಾ 0.81. ಪಿಯರ್ಸನ್ 0.31, ಸ್ಪಿಯರ್‌ಮನ್ 0.29. ಎಷ್ಟು ನೆಮ್ಮದಿಯಾಯಿತೆಂದು ಹೇಳಲಾರೆ. ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ‘ತರಬೇತಿಯ ಪರಿಣಾಮ’ ಎಂಬ ಅಧ್ಯಾಯವನ್ನು ಇನ್ನು ಬರೆಯಬಹುದು.

ಐಸಿಯುಪಾಳಿ:
ಇಷ್ಟು ಹೊತ್ತು ಓದುತ್ತಿದ್ದೆ. ಈ ಶೀರ್ಷಿಕೆಯನ್ನು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಸಹಸಂಬಂಧದಿಂದ ‘ಪರಿಣಾಮ’ ಎನ್ನಲು ಬರುವುದಿಲ್ಲ, ಮೇಡಂ. ಯಂತ್ರಗಳೊಂದಿಗೆ ಮೊದಲೇ ನಿರಾಳರಾಗಿರುವವರು ತಾವಾಗಿಯೇ ಹೆಚ್ಚು ತರಬೇತಿಗಳಿಗೆ ಹೆಸರು ಕೊಡುತ್ತಾರೆ. ಐಸಿಯುನಲ್ಲಿರುವ ನಮಗೆ ತರಬೇತಿಯೂ ಹೆಚ್ಚು, ದಿನವಿಡೀ ಯಂತ್ರಗಳ ಒಡನಾಟವೂ ಹೆಚ್ಚು. ನಿಮ್ಮ 0.31ರಲ್ಲಿ ತರಬೇತಿಯ ಪಾಲೆಷ್ಟು, ವಾರ್ಡಿನ ಪಾಲೆಷ್ಟು? ಐಸಿಯು ಮತ್ತು ಸಾಮಾನ್ಯ ವಾರ್ಡುಗಳನ್ನು ಬೇರೆಮಾಡಿ ಎರಡರಲ್ಲೂ ಗುಣಾಂಕ ತೆಗೆಯಿರಿ.

ಶುಶ್ರೂಷಾಜಿಜ್ಞಾಸು:
ಐಸಿಯುನ 41 ಮಂದಿಯಲ್ಲಿ 0.14, ಸಾಮಾನ್ಯ ವಾರ್ಡುಗಳ 71 ಮಂದಿಯಲ್ಲಿ 0.17. ಎರಡೂ ಸಾರ್ಥಕವಲ್ಲ ಎನ್ನುತ್ತಿದೆ.

ಶ್ರೇಣಿಪ್ರಿಯ:
ಇವು ಪಿಯರ್ಸನ್ ಗುಣಾಂಕಗಳೇ? ತರಬೇತಿಯ ಗಂಟೆಗಳು ಸೊನ್ನೆಯ ಕಡೆಗೇ ವಾಲಿರುವಾಗ ಇಷ್ಟು ಸಣ್ಣ ಗುಂಪುಗಳಿಗೆ ಸ್ಪಿಯರ್‌ಮನ್ ಕೊಡುವುದೇ ಲೇಸು.

ಆಲ್ಫಾನೋಟ:
ಈ ಒಂದು ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಗಂಟೆಗಳ ಹಂಚಿಕೆ ಅಷ್ಟು ಓರೆಯಾಗಿದ್ದರೆ ಎರಡನ್ನೂ ಕೊಡಲಿ. ಆದರೆ ಲಿಕರ್ಟ್ ಮೊತ್ತದ ಬಗ್ಗೆ ನನ್ನ ನಿಲುವು ಬದಲಾಗಿಲ್ಲ.

ದತ್ತಾಂಶಶೋಧಕ:
ಐಸಿಯುಪಾಳಿ ಅವರು ಕೇಳಿದ್ದೇ ಮುಖ್ಯ ಪ್ರಶ್ನೆ. ಒಟ್ಟು ಸಂಬಂಧದ ದೊಡ್ಡ ಪಾಲು ಎರಡು ಬಗೆಯ ವಾರ್ಡುಗಳ ನಡುವಿನ ವ್ಯತ್ಯಾಸದಿಂದ ಬಂದಂತಿದೆ. ಹಾಗೆಂದು ವಾರ್ಡಿನೊಳಗೆ ಸಂಬಂಧವೇ ಇಲ್ಲ ಎಂದೂ ಬರೆಯಬೇಡಿ; 0.30ರ ಸಂಬಂಧವನ್ನು 80 ಶೇಕಡಾ ಸಾಮರ್ಥ್ಯದಿಂದ (ಹತ್ತರಲ್ಲಿ ಎಂಟು ಸಲ) ಹಿಡಿಯಲು ಸುಮಾರು 85 ಮಂದಿ ಬೇಕು, ನಿಮ್ಮ ಎರಡು ಗುಂಪುಗಳೂ ಅದಕ್ಕಿಂತ ಚಿಕ್ಕವು. ವಾರ್ಡಿನ ಬಗೆಯನ್ನು ನಿಯಂತ್ರಿಸಿ, ಅಂದರೆ ಅದರ ಪಾಲನ್ನು ಕಳೆದು, ಆಂಶಿಕ ಸಹಸಂಬಂಧವನ್ನು ಲೆಕ್ಕ ಹಾಕಿ, ಅದನ್ನೂ 0.31ರ ವಿಶ್ವಾಸಾಂತರವಾದ 0.13ರಿಂದ 0.47 ಅನ್ನೂ ಪಕ್ಕಪಕ್ಕದಲ್ಲಿ ಕೊಡಿ. ಅಧ್ಯಾಯದ ಹೆಸರು ‘ತರಬೇತಿ ಮತ್ತು ನಿರಾಳತೆಯ ಸಂಬಂಧ’ ಎಂದಿರಲಿ.

ಶುಶ್ರೂಷಾಜಿಜ್ಞಾಸು:
ಹಾಗೆಯೇ ಮಾಡುತ್ತೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ: ಉಪಕರಣಗಳ ಆರೂ ಹೇಳಿಕೆಗಳಿಗೆ ‘ಅನ್ವಯಿಸುವುದಿಲ್ಲ’ ಎಂದವರನ್ನು ಉಳಿಸಿಕೊಳ್ಳಲೇ, ಕೈಬಿಡಲೇ?

ಐಸಿಯುಪಾಳಿ:
ಉಳಿಸಿಕೊಳ್ಳಿ. ಗಣಕೀಕೃತ ದಾಖಲೆಗಳ ಹೇಳಿಕೆಗಳಿಗೆ ಅವರು ಉತ್ತರಿಸಿದ್ದಾರಲ್ಲ.

ಆಲ್ಫಾನೋಟ:
ಕೈಬಿಡಿ. ಅವರ ಸರಾಸರಿ ಅಳೆಯುತ್ತಿರುವುದು ಬೇರೆಯದೇ ನಿರಾಳತೆಯನ್ನು.

ದತ್ತಾಂಶಶೋಧಕ:
ಎಷ್ಟು ಹೇಳಿಕೆಗಳಿಗೆ ಉತ್ತರಿಸಿದವರನ್ನು ಸೇರಿಸಬೇಕೆಂಬ ಮಿತಿಯನ್ನು ಗುಣಾಂಕ ನೋಡುವ ಮೊದಲೇ ಗೈಡ್ ಜೊತೆ ಕುಳಿತು ನಿಶ್ಚಯಿಸಿ. ಆಮೇಲೆ ಅವರನ್ನು ಸೇರಿಸಿಯೂ ಬಿಟ್ಟೂ ಬಂದ ಎರಡು ಫಲಿತಾಂಶಗಳನ್ನು ಒಂದೇ ಕೋಷ್ಟಕದಲ್ಲಿ ಹಾಕಿ.