ಪದ ಬೇಕು: ನಿರಪರಾಧಿಗಳ ಡಿಎನ್‌ಎ ‘ರಿಟೆನ್ಷನ್’ಗೆ ಏನನ್ನೋಣ?

ಪ್ರಶ್ನೆ:
ಗೆಳೆಯರೇ, ಅವಸರ ಇದೆ. ಇಂಗ್ಲೆಂಡಿನ ಪೊಲೀಸರ ಡಿಎನ್‌ಎ ದಾಖಲೆ ಬಗ್ಗೆ ಅನುವಾದ, ನಾಳೆ ಬೆಳಿಗ್ಗೆ ಕೊಡಬೇಕು. ‘ರಿಟೆನ್ಷನ್’ಗೆ ‘ಸಂಗ್ರಹ’, ‘ಇನೊಸೆಂಟ್’ಗೆ ‘ಅಮಾಯಕ’ ಅಂತ ಬರೆದೆ. ಎರಡೂ ಕೂರುತ್ತಿಲ್ಲ. ‘ಧಾರಣ’, ‘ಖುಲಾಸೆಯಾದವರು’ ಆದೀತಾ?

ಉತ್ತರ 1:
‘ಧಾರಣ’ ಬೇಡವೇ ಬೇಡ, ಗರ್ಭಧಾರಣೆ ನೆನಪಾಗುತ್ತದೆ. ‘ಅಮಾಯಕ’ ಅಂದರೆ ಮಾಯೆ, ಮೋಸ ತಿಳಿಯದವನು. ಎಲ್ಲ ತಿಳಿದ ಜಾಣನೂ ನಿರಪರಾಧಿ ಆಗಿರಬಹುದು. ‘ಖುಲಾಸೆ’ ಅರಬ್ಬಿ, ಬಿಡಿ. ‘ತಪ್ಪೆಸಗದವರು’ ಇದೆಯಲ್ಲ.

ಉತ್ತರ 2:
ಅರಬ್ಬಿ ಅನ್ನೋದು ಕಾರಣವೇ ಅಲ್ಲ. ಹಾಗಾದರೆ ವಕೀಲ, ಜಾಮೀನು, ಜಪ್ತಿ ಎಲ್ಲವನ್ನೂ ಹೊರಗೆ ಹಾಕಬೇಕು. ಹಾಕಿದ ಮೇಲೆ ಕೋರ್ಟಿನ ಸುದ್ದಿ ಬರೆಯೋದು ಹೇಗೆ?

‘ಖುಲಾಸೆ’ ಇಲ್ಲಿ ಸಾಲದು ನಿಜ, ಆದರೆ ಕಾರಣ ಬೇರೆ. 2008ರ ಡಿಸೆಂಬರ್ 4ರಂದು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಇದೇ ಡಿಎನ್‌ಎ ದಾಖಲೆ ಬಗ್ಗೆ ತೀರ್ಪು ಕೊಟ್ಟಿತಲ್ಲ, ಅದರಲ್ಲಿ ಅರ್ಜಿದಾರರು ಇಬ್ಬರು. ಒಬ್ಬ, ಬಂಧನವಾದಾಗ 11 ವರ್ಷದ ಹುಡುಗ. ವಿಚಾರಣೆ ನಡೆದು ಖುಲಾಸೆಯಾದ. ಇನ್ನೊಬ್ಬರ ಕೇಸು ವಿಚಾರಣೆಗೇ ಬರಲಿಲ್ಲ, ಕೈಬಿಟ್ಟರು. ಅವರು ಖುಲಾಸೆಯಾದವರು ಹೇಗಾಗುತ್ತಾರೆ? ‘ಅಪರಾಧ ಸಾಬೀತಾಗದವರು’ ಅಂತಲೂ ಬರೆಯಬೇಡಿ. ಮಾಡಿದ್ದಾರೆ, ಸಿಕ್ಕಿಬಿದ್ದಿಲ್ಲ ಅಷ್ಟೇ ಅನ್ನುವ ಹಾಗಿದೆ. ಆ ಮಗುವಿನ ಮೇಲೆ ಅಂಥ ಅನುಮಾನ ಉಳಿಯಬಾರದು. ‘ನಿರಪರಾಧಿ’ ಸಾಕು.

‘ಸಂಗ್ರಹ’ ತಪ್ಪು. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ತೆಗೆಯುವುದೂ ಸಂಗ್ರಹವೇ ಅಲ್ವಾ? ಜಗಳ ಅದಕ್ಕಲ್ಲ. ಕೇಸು ಮುಗಿದ ಮೇಲೂ ಅಳಿಸದೆ ಇಟ್ಟುಕೊಂಡಿದ್ದಕ್ಕೆ. ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆ ಅಂತ 17 ನ್ಯಾಯಾಧೀಶರೂ ಒಮ್ಮತದಿಂದ ಹೇಳಿದ್ದು ಅದನ್ನೇ. ಸುಮ್ನೆ ‘ಇಟ್ಟುಕೊಳ್ಳುವುದು’ ಅನ್ನಿ.

‘ಮಾದರಿ’ ಮತ್ತು ‘ಪ್ರೊಫೈಲ್’ ಬೆರೆಸಬೇಡಿ. ಹತ್ತಿಕಡ್ಡಿಗೆ ಅಂಟಿದ್ದು ಮಾದರಿ. ಅದರಿಂದ ತೆಗೆದು ಕಂಪ್ಯೂಟರಿಗೆ ಹಾಕುವ ಅಂಕಿಗಳ ಸಾಲು ಪ್ರೊಫೈಲ್. ತೀರ್ಪಿನ ನಂತರ ಬಂದ 2012ರ ಕಾಯ್ದೆಯ ಪ್ರಕಾರ ಡಿಎನ್‌ಎ ಮಾದರಿಯನ್ನು ಸಾಮಾನ್ಯವಾಗಿ 6 ತಿಂಗಳೊಳಗೆ ನಾಶ ಮಾಡಬೇಕು. ಆದರೆ ಗಂಭೀರ ಆರೋಪ ಹೊತ್ತು ಶಿಕ್ಷೆಯಾಗದವರ ಪ್ರೊಫೈಲ್ 3 ವರ್ಷ ಇರಬಹುದು. ಎರಡಕ್ಕೂ ‘ಮಾದರಿ’ ಅಂದರೆ ಓದುಗರಿಗೆ ಎಲ್ಲವೂ ನಾಶವಾಯಿತು ಅನ್ನಿಸುತ್ತದೆ.

ಉತ್ತರ 1:
‘ಪ್ರೊಫೈಲ್’ ಕನ್ನಡವಾ? ‘ಗುರುತುಪಟ್ಟಿ’ ಅನ್ನಿ.

ಉತ್ತರ 2:
‘ಗುರುತುಪಟ್ಟಿ’ ಅಂದರೆ ಹಲವರ ಹೆಸರಿನ ಪಟ್ಟಿ ಅಂದುಕೊಳ್ಳುತ್ತಾರೆ. ಪ್ರೊಫೈಲ್ ಇರಲಿ.

ಪ್ರಶ್ನೆ ಕೇಳಿದವರು:
ತಲೆಬರಹ ಹೀಗೆ ಕಳಿಸುತ್ತಿದ್ದೇನೆ: ‘ನಿರಪರಾಧಿಗಳ ಡಿಎನ್‌ಎ ಪೊಲೀಸರು ಇಟ್ಟುಕೊಳ್ಳಬಹುದೇ?’ ಒಳಗೆ ಮೂರು ಕಡೆ ‘ಮಾದರಿ’ ತಪ್ಪಾಗಿತ್ತು, ತಿದ್ದಿದೆ.